ಪದಚರ್ಚೆ: ‘ಲೀಡಿಂಗ್ ಷೂ’, ‘ಟ್ರೇಲಿಂಗ್ ಷೂ’ – ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ಅಂಬಾಸಿಡರ್‌ನಂಥ ಹಳೆಯ ಕಾರುಗಳ ಮುಂಚಕ್ರದ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಕೂರಿಸುವ ಬಗ್ಗೆ, ಕಾಸರಗೋಡು ಕಡೆಯ ಗ್ಯಾರೇಜುಗಳಲ್ಲಿ ಕೆಲಸ ಕಲಿಯುವವರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಡ್ರಮ್, ಲೈನರ್, ಕ್ಯಾಲಿಪರ್, ಪ್ಯಾಡ್ ಇದ್ದ ಹಾಗೇ ಇರಲಿ. ತುಳು, ಮಲಯಾಳ, ಕನ್ನಡ ಯಾವುದನ್ನಾಡುವ ಮೆಕ್ಯಾನಿಕ್ಕಿಗೂ ಅವು ಗೊತ್ತು. ತೊಡಕಿರುವುದು ಕೆಲಸದ ರೀತಿಯನ್ನು ಹೇಳುವ ಪದಗಳಲ್ಲಿ.

ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರವನ್ನು ಹಿಡಿಯುವ ಬಾಗಿದ ತುಂಡೇ ಷೂ. ಬ್ರೇಕ್ ಮೆಟ್ಟಿದಾಗ ವೀಲ್ ಸಿಲಿಂಡರ್ ಷೂವಿನ ಒಂದು ತುದಿಯನ್ನು ತಳ್ಳುತ್ತದೆ, ಇನ್ನೊಂದು ತುದಿ ಆನಿಕೊಂಡಿರುತ್ತದೆ. ಡ್ರಮ್ ತಳ್ಳಿದ ತುದಿಯಿಂದ ಆನಿಕೆಯ ಕಡೆಗೆ ತಿರುಗಿದರೆ ಉಜ್ಜುವಿಕೆಯೇ ಷೂವನ್ನು ಇನ್ನಷ್ಟು ಒತ್ತುತ್ತದೆ. ಅದು ಲೀಡಿಂಗ್. ತಿರುಗುವುದು ಅದಕ್ಕೆ ವಿರುದ್ಧವಾದರೆ ಷೂ ಸಡಿಲವಾಗುತ್ತದೆ, ಅದು ಟ್ರೇಲಿಂಗ್. ಇವನ್ನು ‘ಮುಂದಿನ ಷೂ’, ‘ಹಿಂದಿನ ಷೂ’ ಎಂದರೆ ಓದುವವರಿಗೆ ಮುಂಚಕ್ರ, ಹಿಂಚಕ್ರ ಎಂದೇ ಕೇಳಿಸುತ್ತದೆ. ಹಲವು ಹಳೆಯ ಕಾರುಗಳ ಮುಂಚಕ್ರದಲ್ಲಿ ಎರಡೂ ಷೂ ಲೀಡಿಂಗ್ ಆಗಿರುವುದರಿಂದ ಆ ಮಾತು ಸುಳ್ಳೂ ಆಗುತ್ತದೆ. ‘ಬಿಗಿಯುವ ಷೂ’, ‘ಸಡಿಲುವ ಷೂ’ ಎಂದರೆ ಹೇಗೆ? ಪೆರ್ಲ, ಮುಳ್ಳೇರಿಯ ಕಡೆಯ ಏರಿನಲ್ಲಿ ಇಂಥ ಕಾರು ಹಿಂದಕ್ಕೆ ಜಾರಿದರೆ ಮುಂಚಕ್ರದ ಬಿಗಿಯುವ ಷೂಗಳೆರಡೂ ಸಡಿಲುವ ಷೂಗಳಾಗುತ್ತವೆ, ಬ್ರೇಕ್ ಎಷ್ಟು ಮೆಟ್ಟಿದರೂ ಹಿಡಿತ ಕಡಿಮೆ. ಈ ಪದಗಳಲ್ಲಿ ಕಾರಣ ತಾನೇ ತಿಳಿಯುತ್ತದೆ. ಹಿಂಚಕ್ರದಲ್ಲಿ ಸಾಮಾನ್ಯವಾಗಿ ಒಂದು ಬಿಗಿಯುವುದು, ಒಂದು ಸಡಿಲುವುದು. ಎರಡು ದಿಕ್ಕಿಗೂ ಹಿಡಿಯುತ್ತದೆ, ಹ್ಯಾಂಡ್‌ಬ್ರೇಕೂ ಅಲ್ಲೇ ಇದೆ. ಹಾಗಾಗಿ ಹಿಂದಿನ ಡ್ರಮ್ ಉಳಿಸಿಕೊಳ್ಳುವುದೇ ಸರಿ.

ಎರಡೂ ಬದಿಯಿಂದ ಪ್ಯಾಡ್ ಅದುಮುವ ಡಿಸ್ಕಿಗೆ ಈ ತಾನಾಗಿ ಬಿಗಿಯುವ ಗುಣವಿಲ್ಲ. ಪೆಡಲ್ ಗಟ್ಟಿಯಾಗುವುದು ಇದರಿಂದಲೇ, ಮೆಟ್ಟಿದ ಬಲವನ್ನು ಹೆಚ್ಚಿಸುವ ಬೂಸ್ಟರ್ ಬೇಕಾಗುವುದೂ ಇದರಿಂದಲೇ.

ಎರಡನೆಯದು ‘ರೆಸಿಡ್ಯುಯಲ್ ಪ್ರೆಷರ್ ವಾಲ್ವ್’, ಅಂದರೆ ಪೆಡಲ್ ಬಿಟ್ಟ ಮೇಲೂ ಬ್ರೇಕ್ ಆಯಿಲಿನ ಕೊಳವೆಯಲ್ಲಿ (ಲೈನಿನಲ್ಲಿ) ಸ್ವಲ್ಪ ಒತ್ತಡ ಉಳಿಸುವ ವಾಲ್ವ್. ‘ಶೇಷ ಒತ್ತಡ’ ಗಣಿತದ ಪುಸ್ತಕದ ಮಾತಿನಂತಿದೆ. ನನ್ನ ಒಲವು ‘ಒತ್ತಡ ಉಳಿಸುವ ವಾಲ್ವ್’ ಕಡೆಗೆ. ಡ್ರಮ್ ಲೈನಿನಲ್ಲಿ ಚದರ ಇಂಚಿಗೆ ಸುಮಾರು 10 ಪೌಂಡ್ ಒತ್ತಡ ಉಳಿಸುತ್ತಾರೆ. ಆ ವಾಲ್ವ್ ತೆಗೆಯದೆ ಡಿಸ್ಕ್ ಜೋಡಿಸಿದರೆ ಪ್ಯಾಡ್ ಬಿಡದೆ ಉಜ್ಜಿ ಡಿಸ್ಕ್ ಕಾಯುತ್ತದೆ. ಪೆಡಲ್ ಮೆಟ್ಟಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಾರಿನ ನೆಲದಡಿ, ಪ್ಯಾಡ್ ಅದುಮುವ ಕ್ಯಾಲಿಪರಿಗಿಂತ ಕೆಳಗಿದ್ದರೆ ಡಿಸ್ಕ್ ಲೈನಿಗೆ 2 ಪೌಂಡಿನದು ಬೇಕು. ಇಲ್ಲದಿದ್ದರೆ ಆಯಿಲ್ ಹಿಂದಕ್ಕಿಳಿದು ಮೊದಲ ಸಲ ಮೆಟ್ಟಿದಾಗ ಪೆಡಲ್ ಆಳಕ್ಕೆ ಹೋಗುತ್ತದೆ, ಎರಡನೇ ಸಲಕ್ಕೆ ಹಿಡಿಯುತ್ತದೆ. ಇದನ್ನು ಲೈನಿನಲ್ಲಿ ಗಾಳಿಯಿದೆಯೆಂದು ತಪ್ಪು ತಿಳಿಯುವವರು ಬಹಳ.

‘ಬ್ಲೀಡಿಂಗ್’ ಪದಕ್ಕೆ ‘ಗಾಳಿ ತೆಗೆಯುವುದು’ ಸಾಕು, ಚರ್ಚೆ ಬೇಕಿಲ್ಲ.

‘ಸಡಿಲುವ’ ಎಂಬುದನ್ನು ಬೋಲ್ಟ್ ಸಡಿಲವಾದಂತೆ ಓದಿಕೊಳ್ಳುವ ಅಪಾಯವಿದೆಯೇ? ‘ಬಿಡುವ ಷೂ’ ಮೇಲೆನಿಸುತ್ತದೆಯೇ? ಬಲ್ಲವರು ತಿಳಿಸಬೇಕು.