ಐರನ್ ಕ್ರಾಸ್ ಮತ್ತು ಹುಲಿಯ ಬ್ಯಾಡ್ಜ್: ಅಸಲಿಯಾ, ನಕಲಿಯಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೇನೆ. ಹೋದ ತಿಂಗಳು ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಎರಡು ವಸ್ತು ತಗೊಂಡೆ. ಒಂದು 1939ರ ಐರನ್ ಕ್ರಾಸ್ (ಜರ್ಮನ್ ಸೈನ್ಯದ ಪದಕ), ಎರಡನೇ ದರ್ಜೆಯದು. ಇನ್ನೊಂದು ತೋಳಿಗೆ ಹಾಕುವ ಬಟ್ಟೆ ಬ್ಯಾಡ್ಜ್. ಕೇಸರಿ, ಬಿಳಿ, ಹಸಿರು ಪಟ್ಟಿ, ನಡುವೆ ನೆಗೆಯುವ ಹುಲಿ, ಮೇಲೆ ‘ಫ್ರೈಯೆಸ್ ಇಂಡಿಯೆನ್’ (ಜರ್ಮನ್‌ನಲ್ಲಿ ‘ಸ್ವತಂತ್ರ ಭಾರತ’) ಅಂತ ಇದೆ. ಕ್ರಾಸ್ ಬಗ್ಗೆ ಮಾರಿದವರು ಏನೂ ಹೇಳಲಿಲ್ಲ. ಬ್ಯಾಡ್ಜಿಗೆ ಮಾತ್ರ ದೊಡ್ಡ ಕಥೆ, ಜೊತೆಗೆ ಟೈಪ್ ಮಾಡಿದ ಒಂದು ಚೀಟಿ. ನಾನೂ ಅದಕ್ಕೇ ಜಾಸ್ತಿ ದುಡ್ಡು ಕೊಟ್ಟೆ.

ಮನೆಗೆ ಬಂದು ಮ್ಯಾಗ್ನೆಟ್ ಹಿಡಿದೆ, ಕ್ರಾಸ್ ಅಂಟಿತು. ಅಷ್ಟಾದರೆ ಅಸಲಿ ಅಂತ ಲೆಕ್ಕವಾ? ಬಟ್ಟೆಯದನ್ನು ಪರೀಕ್ಷೆ ಮಾಡೋದು ಹೇಗೆ?

ಉತ್ತರ 1

ನಮಸ್ಕಾರ ಸರ್. ಮ್ಯಾಗ್ನೆಟ್ ಒಂದನ್ನೇ ನಂಬಬೇಡಿ. ನಕಲಿ ಮಾಡುವವರಿಗೂ ಅದು ಗೊತ್ತು, ಅವರೂ ಒಳಗೆ ಕಬ್ಬಿಣ ಹಾಕುತ್ತಾರೆ.

ಮೊದಲು ಅದನ್ನು ಹೇಗೆ ಕಟ್ಟಿದ್ದಾರೆ ನೋಡಿ. ಅಸಲಿ ಕ್ರಾಸ್ ಮೂರು ತುಂಡಿನದು. ನಡುವೆ ಕಪ್ಪು ಬಣ್ಣ ಬಳಿದ ಕಬ್ಬಿಣದ ತಗಡು, ಹಿಂದೆ ಮುಂದೆ ಬೆಳ್ಳಿ ಬಣ್ಣದ ಎರಡು ಚೌಕಟ್ಟು. ಎರಡನ್ನೂ ಅಂಚಿನಲ್ಲಿ ಬೆಸುಗೆ ಹಾಕಿ ಸೇರಿಸುತ್ತಿದ್ದರು. ಹಾಗಾಗಿ ಕ್ರಾಸನ್ನು ಅಡ್ಡ ಹಿಡಿದು ಪಕ್ಕದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಸುತ್ತಲೂ ಒಂದು ಸಣ್ಣ ಗೆರೆ ಸಿಗಬೇಕು. ಕೆಲವದರಲ್ಲಿ ಚೆನ್ನಾಗಿ ತಿಕ್ಕಿರುತ್ತಾರೆ, ಆಗ ಬೆಳಕನ್ನು ಓರೆಯಾಗಿ ಬಿಟ್ಟು ಹುಡುಕಬೇಕು.

ಆಮೇಲೆ ಚೌಕಟ್ಟಿನ ಮೇಲಿನ ಮಣಿಸಾಲು. ಅಚ್ಚಿನಲ್ಲಿ ಒತ್ತಿದ್ದಾದರೆ ಒಂದೊಂದು ಮಣಿಯೂ ಬಿಡಿಬಿಡಿಯಾಗಿ, ಚೂಪಾಗಿ ನಿಲ್ಲುತ್ತದೆ. ಎರಕ ಹೊಯ್ದದ್ದಾದರೆ ಕರಗಿದ ಸಕ್ಕರೆಯಂತೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ ಇರುತ್ತದೆ. ಒಂದೇ ತುಂಡಿನ ನಕಲಿಯಲ್ಲಿ ಕಪ್ಪು ಬಣ್ಣ ಮಣಿಗಳ ಮೇಲೂ ಹತ್ತಿರುತ್ತದೆ.

ಅಗಲ ಅಳೆಯಿರಿ, ಸುಮಾರು 44 ಮಿಲಿಮೀಟರ್ ಬರಬೇಕು. ಮುಂದೆ ಕೆಳಗಿನ ತೋಳಿನಲ್ಲಿ 1939, ಹಿಂದೆ 1813. ರಿಬ್ಬನ್ ಹಾಕುವ ಉಂಗುರದ ಮೇಲೆ ನಂಬರ್ ಇದೆಯಾ? ಫೋಟೋ ಹಾಕಿ.

ಉತ್ತರ 2

ನಂಬರ್ ಬಗ್ಗೆ ಒಂದು ಮಾತು. ನಾನು ಮೊದಲು ಕೊಂಡದ್ದರಲ್ಲಿ 65 ಅಂತ ಇತ್ತು. ಅದು ಇಡಾರ್-ಓಬರ್‌ಸ್ಟೈನ್‌ನ ಕ್ಲೈನ್ ಉಂಡ್ ಕ್ವೆನ್ಸರ್ ಕಂಪನಿಯ ನಂಬರ್. ಅಷ್ಟು ನೋಡಿ ಖುಷಿಪಟ್ಟೆ. ಆದರೆ ಉಂಗುರಕ್ಕೆ ನಂಬರ್ ಹೊಡೆಯೋದು ಯಾರಿಗೂ ಕಷ್ಟವಲ್ಲ. ನನ್ನದು ಎರಕದ ನಕಲಿ. ನಂಬರೇ ಇಲ್ಲದ ಅಸಲಿಗಳೂ ಬೇಕಾದಷ್ಟಿವೆ.

ಮತ್ತೆ, 1957ರಲ್ಲಿ ಪಶ್ಚಿಮ ಜರ್ಮನಿ ಈ ಪದಕಗಳನ್ನು ನಾಜಿ ಸ್ವಸ್ತಿಕ ಇಲ್ಲದೆ ಧರಿಸಲು ಬಿಟ್ಟಿತು. ಆಗಿನ ಕ್ರಾಸಿನಲ್ಲಿ ಸ್ವಸ್ತಿಕದ ಜಾಗದಲ್ಲಿ ಓಕ್ ಎಲೆ ಇರುತ್ತದೆ. ಅದು ನಕಲಿ ಅಲ್ಲ, ಆದರೆ ಯುದ್ಧಕಾಲದ್ದೂ ಅಲ್ಲ. ಸ್ವಸ್ತಿಕ ಇರೋದನ್ನು ಜರ್ಮನಿಗೆ ಒಯ್ದು ನಾಲ್ಕು ಜನರ ಮುಂದೆ ಪ್ರದರ್ಶಿಸಬೇಡಿ, ಅಲ್ಲಿ ಅದು ಅಪರಾಧ.

ಪ್ರಶ್ನೆ ಕೇಳಿದವರು

ಫೋಟೋ ಹಾಕಿದ್ದೇನೆ. ಅಂಚಿನ ಗೆರೆ ಮೂರು ಕಡೆ ಸ್ಪಷ್ಟವಾಗಿದೆ. ಮಣಿಗಳು ಚೂಪಾಗಿವೆ, ಸಂದಿಯಲ್ಲಿ ಬೆಳ್ಳಿ ಕಪ್ಪಾಗಿದೆ. ಸ್ವಸ್ತಿಕದ ತುದಿಯಲ್ಲಿ ಬಣ್ಣ ಸವೆದು ಕಬ್ಬಿಣ ಕಾಣುತ್ತದೆ, ಅಲ್ಲೇ ಸ್ವಲ್ಪ ತುಕ್ಕು. ಉಂಗುರದಲ್ಲಿ ನಂಬರ್ ಇಲ್ಲ. ಅಗಲ 44.

ಉತ್ತರ 1

ಇದು ಒಳ್ಳೆಯ ಪೀಸ್ ಸರ್. ಬಣ್ಣದ ಕೆಳಗಿಂದ ಎದ್ದಿರುವ ತುಕ್ಕು, ಮೇಲೆ ಬಳಿದದ್ದಲ್ಲ. ನನಗೆ ಸಂಶಯ ಇಲ್ಲ. ಈ ಪದಕವನ್ನು ಲಕ್ಷಗಟ್ಟಲೆ ಸೈನಿಕರಿಗೆ ಕೊಟ್ಟಿದ್ದರು, ಅದಕ್ಕೇ ಅಸಲಿ ಇನ್ನೂ ಕೈಗೆಟಕುತ್ತದೆ.

ಬ್ಯಾಡ್ಜ್ ನೋಡಿ ಮಾತ್ರ ಭಯ ಆಗುತ್ತಿದೆ. ಸುಭಾಷ್ ಚಂದ್ರ ಬೋಸ್ ಜರ್ಮನಿಯಲ್ಲಿ ಕಟ್ಟಿದ ಭಾರತೀಯ ಸೈನಿಕರ ದಳ, ಇಂಡಿಯನ್ ಲೀಜನ್ನಿನದು ಅದು. ಡ್ರೆಸ್ಡೆನ್ ಹತ್ತಿರದ ಕ್ಯೋನಿಗ್ಸ್‌ಬ್ರುಕ್‌ನಲ್ಲಿ ತರಬೇತಿ ಪಡೆದವರು ಬಲತೋಳಿಗೆ ಹಾಕುತ್ತಿದ್ದರು. ಇದ್ದವರೇ 3,000ದ ಆಸುಪಾಸು. ಹುಲಿ ನೋಡಿದರೆ ನಮಗೆ ಟಿಪ್ಪು ನೆನಪಾಗುತ್ತಾನೆ, ಮನಸ್ಸು ಕರಗುತ್ತದೆ, ಅಲ್ವಾ? ನಕಲಿ ಮಾರುವವರಿಗೆ ಅದೇ ಬೇಕು.

ಎರಡು ಪರೀಕ್ಷೆ ಮಾಡಿ. ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಬಿಡಿ. ದಾರ ನೀಲಿ ಬಿಳುಪಾಗಿ ಮಿನುಗಿದರೆ ಎಚ್ಚರ, ಈಗಿನ ಕಾಲದ ದಾರ ಇರಬಹುದು. ಅದೊಂದರಿಂದಲೇ ನಕಲಿ ಅನ್ನಬೇಡಿ, ಈಗಿನ ಸೋಪುಪುಡಿಯಲ್ಲಿ ಒಗೆದ ಹಳೆ ಬಟ್ಟೆಯೂ ಮಿನುಗುತ್ತದೆ. ಹಾಗಾಗಿ ಹಿಂಬದಿಯಿಂದ ಬಿಟ್ಟುಕೊಂಡಿರುವ ಒಂದೇ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಡಿ. ಹತ್ತಿಯೋ ಆಗಿನ ಕೃತಕ ರೇಷ್ಮೆಯೋ ಆದರೆ ಕಾಗದ ಸುಟ್ಟ ವಾಸನೆ, ಉಜ್ಜಿದರೆ ಬೂದಿ. ಪಾಲಿಯೆಸ್ಟರ್ ಆದರೆ ಮುದುಡಿ ಕರಗಿ ಗಟ್ಟಿ ಗುಂಡಾಗುತ್ತದೆ. ಪಾಲಿಯೆಸ್ಟರ್ ದಾರ ಮಾರುಕಟ್ಟೆಗೆ ಬಂದದ್ದೇ 1950ರ ದಶಕದಲ್ಲಿ.

ಪ್ರಶ್ನೆ ಕೇಳಿದವರು

ಟಾರ್ಚಿಗೆ ಬಿಳಿ ಪಟ್ಟಿ ಟ್ಯೂಬ್‌ಲೈಟ್ ತರಹ ಹೊಳೆಯಿತು. ಎಳೆ ಸುಟ್ಟೆ. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಗುಂಡು, ಉಗುರಿಗೆ ಒಡೆಯಲಿಲ್ಲ. ತುಂಬಾ ಬೇಜಾರಾಯಿತು. ಶನಿವಾರ ಸಂತೆಗೆ ಹೋಗಿ ವಾಪಸ್ ಕೊಡುತ್ತೇನೆ.

ಉತ್ತರ 1

ಸುಟ್ಟ ಎಳೆಯನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ಮಾತಾಡೋಕೆ ಸುಲಭ. ದುಡ್ಡು ಕೊಡದಿದ್ದರೂ ಹಿಂಬದಿಯಲ್ಲಿ ‘ನಕಲಿ’ ಅಂತ ಅಳಿಸದ ಶಾಯಿಯಲ್ಲಿ ಬರೆದಿಡಿ. ಆ ಸೈನಿಕರ ಹೆಸರಲ್ಲಿ ಅದು ಮತ್ತೊಬ್ಬರ ಕೈಗೆ ಹೋಗಬಾರದು. ಕ್ರಾಸಿಗೆ ಬೆಳ್ಳಿ ಪಾಲಿಶ್ ಹಾಕಬೇಡಿ, ತುಕ್ಕನ್ನೂ ಕೆರೆಯಬೇಡಿ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ.