ಬ್ರಿಟನ್ ರಾಜ ಕ್ಯಾಥೊಲಿಕ್ ಆಗ್ಬಾರ್ದು ಅನ್ನೋ ರೂಲ್ ಇನ್ನೂ ಇದ್ಯಾ?

ಪ್ರಶ್ನೆ:
2023ರ ಮೇನಲ್ಲಿ ಆದ ಚಾರ್ಲ್ಸ್ ಪಟ್ಟಾಭಿಷೇಕದ ವಿಡಿಯೋ ಈಗ ಪೂರ್ತಿ ನೋಡ್ದೆ. ಪ್ರಮಾಣ ಮಾಡೋವಾಗ ತಾನು ನಿಷ್ಠಾವಂತ ಪ್ರೊಟೆಸ್ಟೆಂಟ್ (ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಕ್ರೈಸ್ತ ಪಂಥದವರು) ಅಂತ ಎಲ್ಲರೆದುರು ಹೇಳಿ ಸಹಿ ಬೇರೆ ಹಾಕ್ತಾರೆ. ಯಾರು ಪಟ್ಟಕ್ಕೆ ಬರ್ಬೇಕು ಅನ್ನೋ ಕಾನೂನು 2013ರಲ್ಲಿ ಬದಲಾಯ್ತು ಅಂತಾರಲ್ಲ, ಹಾಗಾದ್ರೆ ಇದ್ಯಾಕೆ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳ್ರಪ್ಪ.

ಉತ್ತರ 1:
ಬದಲಾಗಿದ್ದು ಮದುವೆ ವಿಷ್ಯ ಮಾತ್ರ (ಜೊತೆಗೆ ತಮ್ಮ ಹುಟ್ಟಿದ್ರೆ ಅಕ್ಕನ್ನ ಸರದಿಯಲ್ಲಿ ಹಿಂದೆ ತಳ್ಳೋದು ನಿಂತಿತು). ಮೊದ್ಲು ಕ್ಯಾಥೊಲಿಕ್ ಆದವರನ್ನ ಮದುವೆಯಾದ್ರೂ ಪಟ್ಟದ ಸರದಿಯಿಂದ ಔಟ್, ರಾಣಿ ಎಲಿಜಬೆತ್ ಅವರ ಚಿಕ್ಕಪ್ಪನ ಮಗ ಪ್ರಿನ್ಸ್ ಮೈಕೆಲ್ 1978ರಲ್ಲಿ ಹಾಗೇ ಜಾಗ ಕಳ್ಕೊಂಡು 2015ರಲ್ಲಿ ಆ ಕಾಯ್ದೆ ಜಾರಿಗೆ ಬಂದ್ಮೇಲೆ ವಾಪಸ್ ಪಡ್ಕೊಂಡ್ರು. ಆದ್ರೆ ಪಟ್ಟಕ್ಕೆ ಬರೋರು ತಾವೇ ಕ್ಯಾಥೊಲಿಕ್ ಆಗಿರಬಾರ್ದು, ಚರ್ಚ್ ಆಫ್ ಇಂಗ್ಲೆಂಡ್ (ಇಂಗ್ಲೆಂಡಿನ ಅಧಿಕೃತ ಪ್ರೊಟೆಸ್ಟೆಂಟ್ ಚರ್ಚ್) ಜೊತೆ ಸೇರಿರ್ಬೇಕು ಅನ್ನೋ 1701ರ ಕಾಯ್ದೆ ಹಾಗೇ ಇದೆ. 1689ರ ಕಾನೂನು ಇನ್ನೂ ಕಟುವಾಗಿದೆ, ಅಂಥವರು ಸತ್ತೇಹೋಗಿದ್ದಾರೆ ಅಂತ ಲೆಕ್ಕ ಹಿಡಿದು ಕಿರೀಟ ಮುಂದಿನವರಿಗೆ ಹೋಗ್ಬೇಕಂತೆ! 1688ರಲ್ಲಿ ಕ್ಯಾಥೊಲಿಕ್ ರಾಜ ಎರಡನೇ ಜೇಮ್ಸ್‌ನ ಓಡಿಸಿದ ಮೇಲೆ ಆ ಭಯದಲ್ಲೇ ಬರೆದಿದ್ದು ಅದು, ಈಗ ಆ ಭಯ ಎಲ್ಲಿದೆ ಹೇಳಿ. ಪ್ರಜೆಗಳಿಗೆಲ್ಲ ಇರೋ ಧರ್ಮದ ಸ್ವಾತಂತ್ರ್ಯ ಒಬ್ಬ ಮನುಷ್ಯನಿಗೆ ಮಾತ್ರ ಇಲ್ಲ ಅನ್ನೋದು ನನಗಂತೂ ಒಪ್ಪಿಗೆಯಾಗಲ್ಲ.

ಉತ್ತರ 2:
ಅಷ್ಟು ಸಲೀಸಲ್ಲ ಸರ್. ರಾಜನೇ ಆ ಚರ್ಚ್‌ನ ಸುಪ್ರೀಂ ಗವರ್ನರ್ ಅಂದ್ರೆ ಮುಖ್ಯಸ್ಥ, ಬಿಷಪ್‌ಗಳ ನೇಮಕ ಅವ್ರ ಹೆಸರಲ್ಲೇ ಆಗತ್ತೆ, ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ 26 ಬಿಷಪ್‌ಗಳು ಕೂರ್ತಾರೆ. ಆ ಚರ್ಚ್‌ಗೆ ಸೇರದವರು ಅದರ ಯಜಮಾನಿಕೆ ಹೇಗೆ ಮಾಡ್ತಾರೆ? ಆ ಷರತ್ತು ತೆಗೀಬೇಕಂದ್ರೆ ಮೊದ್ಲು ಚರ್ಚ್‌ನ ಸರ್ಕಾರದಿಂದ ಬೇರೆ ಮಾಡ್ಬೇಕು, ವೇಲ್ಸ್‌ನಲ್ಲಿ 1920ರಲ್ಲೇ ಮಾಡಿದ್ದಾರೆ.

ಉತ್ತರ 3:
ಬೇರೆ ಮಾಡಿದ್ರೂ ರಾಜನಿಗೆ ಬಿಡುಗಡೆ ಸಿಗತ್ತೆ ಅಂತೇನಿಲ್ಲ. ಸ್ವೀಡನ್ 2000ದಲ್ಲಿ ಚರ್ಚ್‌ನ ಬೇರ್ಪಡಿಸ್ತು, ಆದ್ರೂ ಅಲ್ಲಿನ ರಾಜ ಲೂಥರನ್ (ಪ್ರೊಟೆಸ್ಟೆಂಟರಲ್ಲೇ ಒಂದು ಪಂಗಡ) ಆಗಿರ್ಲೇಬೇಕು ಅಂತ 1810ರ ಕಾಯ್ದೆ ಈಗಲೂ ಹೇಳತ್ತೆ. ನಾರ್ವೆಯಲ್ಲೂ ಚರ್ಚ್ ಬಗ್ಗೆ 2012ರ ಸಂವಿಧಾನ ತಿದ್ದುಪಡಿ ಆದ್ಮೇಲೂ ರಾಜನ ಮೇಲೆ ಅದೇ ಷರತ್ತು ಉಳ್ಕೊಂಡಿದೆ. ಇನ್ನು ಸ್ಕಾಟ್ಲೆಂಡ್ ಚರ್ಚ್‌ನಲ್ಲಿ ಚಾರ್ಲ್ಸ್ ಯಜಮಾನ ಅಲ್ವೇ ಅಲ್ಲ, ಆದ್ರೂ ಅದನ್ನ ಕಾಪಾಡ್ತೀನಿ ಅಂತ 2022ರ ಸೆಪ್ಟೆಂಬರ್ 10ಕ್ಕೇ ಪ್ರಮಾಣ ಮಾಡಿದ್ರು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್, ಈಗ ಕ್ಲಿಯರ್ ಆಯ್ತು. ಅದೇ ವಿಡಿಯೋದಲ್ಲಿ ಆಗ ಪ್ರಧಾನಿಯಾಗಿದ್ದ ರಿಷಿ ಸುನಕ್ ಬೈಬಲ್ ಓದಿದ್ರಲ್ಲ, ಹಿಂದೂ ಪ್ರಧಾನಿಗೆ ಈ ಥರ ಷರತ್ತು ಏನೂ ಇಲ್ವಾ?

ಉತ್ತರ 1:
ಪ್ರಧಾನಿ ಆಗೋಕೆ ಯಾವ ಧರ್ಮದವರಿಗೂ ಅಡ್ಡಿ ಇಲ್ಲ. ಆದ್ರೆ 1829ರ ಕಾಯ್ದೆ ಪ್ರಕಾರ ಕ್ಯಾಥೊಲಿಕ್ ಆದವರು ಇಂಗ್ಲೆಂಡಿನ ಆ ಅಧಿಕೃತ ಚರ್ಚ್‌ನ ಹುದ್ದೆಗಳ ಬಗ್ಗೆ ರಾಜನಿಗೆ ಸಲಹೆ ಕೊಡೋ ಹಾಗಿಲ್ಲ, ಹಿಂದೂಗಳಿಗೆ ಆ ತಡೆಯೂ ಇಲ್ಲ.