ಸಹಾಯ ಬೇಕು: ನಮ್ಮ ಜಿಲ್ಲೆಯ ಗಿಡಮರಗಳ ನಕ್ಷೆಗೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ದೇಶದ ಯಾವ ಭಾಗದಲ್ಲಿ ಗಿಡಮರಗಳ ಜಾತಿ ಜಾಸ್ತಿ, ಯಾಕೆ ಅಂತ ತೋರಿಸುವ ದೊಡ್ಡ ನಕ್ಷೆ ಮಾಡುತ್ತಿದ್ದೇವೆ.

ಪಶ್ಚಿಮ ಘಟ್ಟ ದೇಶದ ನೆಲದಲ್ಲಿ ಸಣ್ಣ ಪಾಲು. ಆದರೂ ಹೂಬಿಡುವ ಸಸ್ಯಗಳಲ್ಲಿ ಕಾಲು ಭಾಗದಷ್ಟು ಜಾತಿಗಳು ಇಲ್ಲಿವೆ. ಘಟ್ಟದೊಳಗೂ ಎಲ್ಲ ಕಡೆ ಒಂದೇ ಸಮ ಇಲ್ಲ. ದಕ್ಷಿಣಕ್ಕೆ ಹೋದಂತೆ ಒಣ ತಿಂಗಳು ಕಡಿಮೆ, ಜಾತಿ ಜಾಸ್ತಿ. ಮಳೆ ಎಷ್ಟು ಸುರಿಯುತ್ತದೆ ಅನ್ನುವುದಕ್ಕಿಂತ ಎಷ್ಟು ತಿಂಗಳು ಸುರಿಯುತ್ತದೆ ಅನ್ನುವುದೇ ಮುಖ್ಯ ಅಂತ ನನಗನ್ನಿಸುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. ಕಾಳಿ ನದಿಯ ಅಳಿವೆಯಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಘಟ್ಟದಲ್ಲಿ ನಿತ್ಯಹಸಿರು ಕಾನು, ಮುಂಡಗೋಡಕ್ಕೆ ಬಂದರೆ ಎಲೆ ಉದುರುವ ತೇಗದ ಕಾಡು. ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಂತೂ ವಿಜ್ಞಾನಕ್ಕೇ ಹೊಸದಾದ ಮರವೊಂದು 2000ದಲ್ಲಿ ದಾಖಲಾಯಿತು!

ಹೊನ್ನಾವರ, ಅಂಕೋಲಾ, ಹಳಿಯಾಳ ಕಡೆಯವರು ನಿಮ್ಮೂರಿನ ಬೆಟ್ಟ, ಕಾನಿನ ಗಿಡಗಳ ಪಟ್ಟಿ ಕಳಿಸುತ್ತೀರಾ? ಗಿಡಗಳನ್ನು ನಿಮ್ಮೂರಲ್ಲಿ ಕರೆಯುವ ಹೆಸರುಗಳೇ ಸಾಕು. ಎಲೆ, ಹೂವಿನ ಫೋಟೋ ಇದ್ದರೆ ಇನ್ನೂ ಒಳ್ಳೇದು.

ಇನ್ನೊಂದು ತೊಡಕಿದೆ. ಜಾಸ್ತಿ ಹುಡುಕಿದ ಕಡೆ ಜಾಸ್ತಿ ಜಾತಿ ಸಿಗುತ್ತದೆ ಅಲ್ವಾ? ರಸ್ತೆ ಪಕ್ಕದ ಕಾಡಿನ ಪಟ್ಟಿಯನ್ನೂ ಒಳಗಿನ ಕಾಡಿನ ಪಟ್ಟಿಯನ್ನೂ ಸರಿಯಾಗಿ ಹೋಲಿಸುವುದು ಹೇಗೆ? ಸಸ್ಯಶಾಸ್ತ್ರ ಓದಿದವರು ದಯವಿಟ್ಟು ತಿಳಿಸಿ.